ಕಲಾಯಿ ಕರೀಂ ಸಾಬರ ದಬರಿ

ಚಿತ್ರದುರ್ಗದ ಹಳೇ ಪೇಟೆಯಲ್ಲಿ, ಕೋಟೆಯ ಬಂಡೆಗಳ ಕಡೆಗೆ ಏರಿಕೊಂಡು ಹೋಗುವ ಒಂದು ಓಣಿಯಲ್ಲಿ, ಹಳೇ ಸಾಮಾನಿನ ಅಂಗಡಿಗಳು ಮೂರಿವೆ. ಆ ಮೂವರು ಅಂಗಡಿಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಕರೀಂ ಸಾಬರ ವಿಷಯ ಬಂದರೆ ಮಾತ್ರ ಮೂವರೂ ಒಂದಾಗುತ್ತಿದ್ದರು. ಈ ಮುದುಕನ ಮೇಲೆ ಒಂದು ಕಣ್ಣಿಟ್ಟಿರಬೇಕು ಎನ್ನುವುದರಲ್ಲಿ ಅವರಲ್ಲಿ ಎರಡು ಮಾತಿರಲಿಲ್ಲ.

ಅಂಗಡಿಯವರನ್ನು ದೂರುವ ಹಾಗೂ ಇಲ್ಲ. ಎಪ್ಪತ್ತನಾಲ್ಕು ವರ್ಷದ, ಬಿಳಿ ಗಡ್ಡದ, ಇನ್ನೂ ನೆಟ್ಟಗೆ ನಡೆಯುವ ಮನುಷ್ಯ ವಾರಕ್ಕೆರಡು ಸಲ ಬರುತ್ತಾರೆ. ಅಂಗಡಿಯಲ್ಲಿ ತೇಗದ ಬಾಗಿಲುಗಳಿವೆ, ಲಾಟೀನುಗಳಿವೆ, ಹಾಡದ ರೇಡಿಯೋಗಳಿವೆ, ಕೋಟೆ ನೋಡಲು ಬಂದವರಿಗೆ ‘ಓಬವ್ವನ ಕಾಲದ್ದು’ ಎಂದು ಮಾರುವ ಒನಕೆಗಳ ಒಂದು ಕಂತೆಯೇ ಇದೆ. ಅದ್ಯಾವುದನ್ನೂ ನೋಡದೆ ಅವರು ಹಿತ್ತಾಳೆ ಪಾತ್ರೆಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂದೊಂದನ್ನೇ ಎತ್ತಿ ಬೋರಲು ಹಾಕಿ, ತಳದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ರಾಶಿ ಮುಗಿದ ಮೇಲೆ ಮಂಡಿ ಹಿಡಿದುಕೊಂಡು ಎದ್ದು ಹೋಗಿಬಿಡುತ್ತಾರೆ. ಹನ್ನೊಂದು ವರ್ಷದಲ್ಲಿ ಅವರು ಆ ಓಣಿಯಲ್ಲಿ ಒಂದು ಚಮಚವನ್ನೂ ಕೊಂಡಿರಲಿಲ್ಲ.

ಮೇಲಾಗಿ ಬಾಯಿ ಸುಮ್ಮನಿರುತ್ತಿರಲಿಲ್ಲ. ಗಿರಾಕಿಯೊಬ್ಬ ದೀಪದ ಕಂಬವನ್ನು ಕೈಯಲ್ಲಿ ಹಿಡಿದು ಮನಸ್ಸು ಮಾಡುವ ಹೊತ್ತಿಗೆ ಸರಿಯಾಗಿ, “ಹೊಸ ಮಾಲು. ಹುಣಿಸೆಹಣ್ಣು, ಉಪ್ಪು ಹಚ್ಚಿ ಕೆಸರಾಗೆ ಹೂತಿದ್ದಾರೆ, ಅಷ್ಟೆ” ಎಂದು ಗೋಡೆಗೆ ಹೇಳುವವರಂತೆ ಹೇಳಿಬಿಡುತ್ತಿದ್ದರು. ಹೇಳಿದ್ದು ನಿಜವೇ ಇರುತ್ತಿತ್ತು. ಮಧ್ಯದ ಅಂಗಡಿಯ ಲಕ್ಷ್ಮೀಕಾಂತ್ ಇವರಿಗಾಗಿಯೇ ಒಂದು ಕ್ಯಾಮೆರಾ ಹಾಕಿಸಿದ. ಕರೀಂ ಸಾಬರು ಅದನ್ನು ದಿಟ್ಟಿಸಿ ನೋಡಿ, “ಇದೂ ಹಳೇದಾ ಹೊಸದಾ?” ಎಂದು ಕೇಳಿದ್ದರು.

ಅವರು ಹುಟ್ಟಾ ಸಂಶಯದ ಪ್ರಾಣಿ. ಹಾಲಿನವನು ಬಂದರೆ ಮೊದಲು ಬೆರಳದ್ದಿ ನೋಡಬೇಕು. ಕಂಡಕ್ಟರ್ ಕೊಟ್ಟ ಟಿಕೆಟನ್ನು ಬೆಳಕಿಗೆ ಹಿಡಿಯಬೇಕು. ಡಾಕ್ಟರು ಮಾತ್ರೆ ಬರೆದರೆ, ಅದೇ ಕಾಯಿಲೆ ಇದ್ದ ಇನ್ನೊಬ್ಬರಿಗೆ ಏನು ಬರೆದರು ಎಂದು ವಿಚಾರಿಸಿದ ಮೇಲೆಯೇ ನುಂಗಬೇಕು. ಅವರ ಮನೆಯಲ್ಲಿ ಆಡುವ ಮಾತು ಉರ್ದು, ಜಗಳಕ್ಕೆ ನಿಂತರೆ ಕನ್ನಡ. ಹಾಗಾಗಿ ಮದುವೆಯಾದಾಗಿನಿಂದ ತಮ್ಮ ಮನೆಯಲ್ಲಿ ಹೆಚ್ಚು ಕೇಳಿದ್ದು ಕನ್ನಡವೇ ಎಂದು ಹೆಂಡತಿ ಸಾಜಿದಾ ಹೇಳುತ್ತಿದ್ದರು.

ಆದರೆ ಪಾತ್ರೆಗಳ ತಳ ನೋಡುವುದು ಆ ಸ್ವಭಾವದಿಂದ ಬಂದದ್ದಲ್ಲ, ಅದಕ್ಕೆ ಬೇರೆ ಕಾರಣವಿತ್ತು.

ಕರೀಂ ಸಾಬರದು ಕಲಾಯಿ ಹಾಕುವ ಮನೆತನ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಹತ್ತುತ್ತದೆ. ಒಳಗಡೆ ತವರದ ಲೇಪ ಕೊಟ್ಟರೆ ಒಂದು ವರ್ಷ ಚಿಂತೆಯಿಲ್ಲ. ಸ್ಟೀಲು ಬರುವವರೆಗೆ ಅದು ಅನ್ನ ಕೊಡುವ ಕಸುಬಾಗಿತ್ತು. ಕರೀಂ ಸಾಬರೂ ತಮ್ಮ ಇಸ್ರಾರನೂ ಸೈಕಲ್ಲಿಗೆ ಗಾಳಿ ಊದುವ ತಿದಿ, ಇದ್ದಿಲು, ತವರ ಹಿಡಿಸುವ ನವಸಾಗರದ ಪುಡಿ ಕಟ್ಟಿಕೊಂಡು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳನ್ನು ಸುತ್ತುತ್ತಿದ್ದರು. ಊರ ಮುಂದಿನ ಮರದ ಕೆಳಗೆ ಒಲೆ ಹೂಡಿ ಅಣ್ಣ ಬೆಂಕಿಯ ಮುಂದೆ ಕೂತರೆ, ತಮ್ಮ ಮನೆಮನೆಗೆ ಹೋಗಿ ಪಾತ್ರೆ ತರುತ್ತಿದ್ದ.

ಹತ್ತು ಮನೆಯ ಪಾತ್ರೆ ಒಂದೆಡೆ ಸೇರಿದರೆ ತಕರಾರು ಬರದೆ ಇರುವುದಿಲ್ಲ. ಅದಕ್ಕೆ ಅವರ ತಂದೆ ಒಂದು ಪದ್ಧತಿ ಮಾಡಿದ್ದರು. ಮನೆಯಾಕೆ ಹೊಸಿಲಲ್ಲಿ ನಿಂತು ಒಂದೊಂದು ಪಾತ್ರೆ ಕೊಡುವಾಗಲೂ ಬಾಗಿಲ ಪಕ್ಕದ ಗೋಡೆಗೆ ಇದ್ದಿಲಲ್ಲಿ ಒಂದು ಗೀಟು ಎಳೆಯಬೇಕು. ಪಾತ್ರೆ ಕೈಗೆ ಬಂದ ತಕ್ಷಣ, ಅದೇ ಹೊಸಿಲಲ್ಲಿ, ಆಕೆಯ ಕಣ್ಣೆದುರಿಗೇ, ಕಲಾಯಿಯವನು ಅದರ ತಳಕ್ಕೆ ಉಳಿಯಿಂದ ಒಂದು ಚುಕ್ಕೆ ಹೊಡೆಯಬೇಕು. ಗೀಟು ಅವರ ಸಾಕ್ಷಿ, ಚುಕ್ಕೆ ಇವರ ಸಾಕ್ಷಿ. ವರ್ಷಕ್ಕೊಂದು ಚುಕ್ಕೆ. ತಳ ನೋಡಿದರೆ ಆ ಪಾತ್ರೆ ಎಷ್ಟು ಸಲ ಇವರ ಕೈಗೆ ಬಂದಿದೆ ಎಂದು ಯಾರು ಬೇಕಾದರೂ ಎಣಿಸಬಹುದಿತ್ತು. ತಂದೆಯೂ ಇವರಷ್ಟೇ ಸಂಶಯದವರು ಎಂದು ಬೇರೆ ಹೇಳಬೇಕಾಗಿಲ್ಲ.

ಮೂವತ್ತಾರು ವರ್ಷದ ಹಿಂದೆ, ಐಮಂಗಲದಲ್ಲಿ ಜಂಪಣ್ಣ ಎಂಬ ರೈತನ ಮನೆ. ನಾಲ್ಕು ವರ್ಷದಿಂದ ಕಲಾಯಿಗೆ ಕೊಡುತ್ತಿದ್ದವರು, ಅದು ಐದನೆಯ ವರ್ಷ. ಇಸ್ರಾರ ಹೋಗಿ ಜಂಪಣ್ಣನ ಹೆಂಡತಿ ನಿಂಗಕ್ಕನಿಂದ ಪಾತ್ರೆ ತಂದ. ಕಲಾಯಿ ಮುಗಿದು ಹಿಂದಕ್ಕೆ ಕೊಡುವಾಗ ಪಾತ್ರೆ ಹತ್ತು, ಗೋಡೆಯ ಮೇಲೆ ಗೀಟು ಹನ್ನೊಂದು. ಇಲ್ಲದ್ದು ಯಾವುದೆಂದರೆ ದೊಡ್ಡ ದಬರಿ, ಹತ್ತು ಸೇರು ಅನ್ನ ಹಿಡಿಯುವ ಅಗಲ ಬಾಯಿಯ ಪಾತ್ರೆ. ಹಿಡಿದೆತ್ತಲು ಅದಕ್ಕಿದ್ದ ಎರಡು ಬಳೆಗಳಲ್ಲಿ ಒಂದು ಮುರಿದಿದ್ದಾಗ ಕರೀಂ ಸಾಬರೇ ತಾಮ್ರದ ಬಳೆ ಕೂರಿಸಿಕೊಟ್ಟಿದ್ದರು. ಹಾಗಾಗಿ ಒಂದು ಕಡೆ ಹಿತ್ತಾಳೆ ಬಳೆ, ಇನ್ನೊಂದು ಕಡೆ ತಾಮ್ರದ್ದು.

“ನಂಗೆ ಕೊಟ್ಟಿದ್ದೇ ಹತ್ತು” ಎಂದ ಇಸ್ರಾರ.

“ಗೀಟು ನೋಡ್ರಪ್ಪ, ನಾನ್ಯಾಕೆ ಸುಳ್ಳು ಹೇಳ್ಲಿ” ಎಂದಳು ನಿಂಗಕ್ಕ. ಜಂಪಣ್ಣ ಊರವರ ಮುಂದೆ ಗೀಟು ಎಣಿಸಿ ತೋರಿಸಿದ.

ಸಾಜಿದಾ ತೌರಿನಿಂದ ತಂದಿದ್ದ ದಬರಿಯನ್ನು ಕೊಟ್ಟು ಕರೀಂ ಸಾಬರು ತಲೆ ತಗ್ಗಿಸಿಕೊಂಡು ಬಂದರು. ಆ ಊರಿಗೆ ಮತ್ತೆ ಕಾಲಿಡಲಿಲ್ಲ. ದಾರಿಯುದ್ದಕ್ಕೂ ತಮ್ಮನೊಂದಿಗೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಕೇಳಿದ್ದು ಒಂದೇ ಮಾತು: “ಹಿರಿಯೂರಾಗೆ ಯಾರಿಗೆ ಮಾರಿದೆ?”

ಇಸ್ರಾರ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ. “ದಬರಿ ಸಿಕ್ಕಿದ ದಿನ ತಿರುವಿ ನೋಡು ಭಾಯ್. ಐದು ಚುಕ್ಕೆ ಇದ್ರೆ ನನ್ನ ಕೈಗೆ ಬಂದಿತ್ತು ಅಂತ ಅರ್ಥ. ನಾಲ್ಕೇ ಇದ್ರೆ ಬಂದಿಲ್ಲ. ಅಲ್ಲಿವರೆಗೂ ನಾನೇನು ಹೇಳಿದ್ರೂ ನೀನು ನಂಬಲ್ಲ” ಎಂದು ಹೇಳಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಳಲ್ಕೆರೆಗೆ ಹೋದ. ಆರು ತಿಂಗಳಿಗೆ ತಾಯಿ ತೀರಿಕೊಂಡರು. ಮಣ್ಣು ಕೊಡಲು ಬಂದ ತಮ್ಮನಿಗೆ ಕರೀಂ ಸಾಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಸುಳ್ಳು ಆಣೆ ಇಟ್ಟರೆ ಹಿಂಗೇ ಆಗೋದು.” ಅಂಥ ಮಾತು ಯಾರೂ ಆಡಬಾರದು, ಅವರು ಆಡಿದರು. ಇಸ್ರಾರ ತಿರುಗಿ ಒಂದು ಮಾತೂ ಆಡಲಿಲ್ಲ. ಅದು ಕೂಡ ಕಳ್ಳನ ಲಕ್ಷಣವೆಂದೇ ಅಣ್ಣನಿಗೆ ಕಂಡಿತು.

ಆಮೇಲೆ ಕಸುಬು ಹೋಯಿತು. ಕರೀಂ ಸಾಬರು ಮರದ ಮಂಡಿಯಲ್ಲಿ ಕಾವಲಿಗೆ ಸೇರಿದರು. ಸಂಶಯದವರಿಗೆ ಹೇಳಿ ಮಾಡಿಸಿದ ಕೆಲಸ ಅದು, ಇಪ್ಪತ್ತು ವರ್ಷದಲ್ಲಿ ಒಂದು ತುಂಡು ಕಳುವಾಗಲಿಲ್ಲ. ಇಸ್ರಾರ ಹೊಳಲ್ಕೆರೆಯಲ್ಲಿ ಮಿಕ್ಸಿ ರಿಪೇರಿಯ ಅಂಗಡಿ ಇಟ್ಟ. ತನ್ನ ಮನೆಯಲ್ಲಿ ಮದುವೆಯಾದಾಗಲೆಲ್ಲ ಅಣ್ಣನಿಗೆ ಕಾರ್ಡು ಕಳಿಸಿದ, ಅಣ್ಣ ಒಂದಕ್ಕೂ ಹೋಗಲಿಲ್ಲ. ಮಂಡಿಯ ಕೆಲಸ ಬಿಟ್ಟ ಮೇಲೆ ಕೈಗೆ ಹೊತ್ತು ಸಿಕ್ಕಿತು, ಅದೇ ಕಾಲಕ್ಕೆ ಜನ ಅಟ್ಟದ ಮೇಲಿನ ಹಿತ್ತಾಳೆಯನ್ನೆಲ್ಲ ಹಳೇ ಸಾಮಾನಿನ ಅಂಗಡಿಗೆ ತಂದು ಸುರಿಯತೊಡಗಿದರು. ದಬರಿ ಎಂದಾದರೂ ಇಲ್ಲಿಗೆ ಬರಲೇಬೇಕು ಎಂದು ಕರೀಂ ಸಾಬರು ಓಣಿ ಹಿಡಿದರು. ಸಿಗಬೇಕಾದದ್ದು ಐದು ಚುಕ್ಕೆಯ ದಬರಿ, ಅದರಲ್ಲಿ ಮಾತ್ರ ಅವರಿಗೆ ಸಂಶಯವಿರಲಿಲ್ಲ.

ಈ ವರ್ಷ ಇಸ್ರಾರನ ಮೊಮ್ಮಗಳು ಫರೀಹಾಳ ಮದುವೆಯ ಕಾರ್ಡು ಬಂತು. ಭಾನುವಾರ ನಿಕಾಹ್.

“ಈ ಸಲನಾದ್ರೂ ಹೋಗಾಣ ಕಣ್ರೀ” ಎಂದರು ಸಾಜಿದಾ.

“ಕಳ್ಳನ ಮನೇಲಿ ನಾನು ನೀರೂ ಕುಡಿಯಲ್ಲ.”

ಆ ಗುರುವಾರ ಅವರು ಲಕ್ಷ್ಮೀಕಾಂತನ ಅಂಗಡಿಗೆ ಹೋದಾಗ ಒಳಗಿನ ಗೋಡೆಯ ಹತ್ತಿರ, ಒಂದು ದೀಪದ ಕಂಬದ ಪಕ್ಕದಲ್ಲಿ, ಹೊಗೆ ಹಿಡಿದ ದೊಡ್ಡ ದಬರಿ ಇತ್ತು. ಒಂದು ಕಡೆ ಹಿತ್ತಾಳೆ ಬಳೆ, ಇನ್ನೊಂದು ಕಡೆ ತಾಮ್ರದ್ದು.

ಅದೇ ದಬರಿ. ಆದರೆ ಅಂಗಡಿಯವನ ಎದುರು ಬೇಕಾದ ವಸ್ತುವಿನ ಕಡೆ ನೋಡುವಷ್ಟು ದಡ್ಡರಲ್ಲ ಅವರು. ಪಕ್ಕದ ದೀಪದ ಕಡೆ ಕೈ ಮಾಡಿದರು.

“ಇದೆಷ್ಟಪ್ಪ?”

“ದೀಪ ನಿಮಗ್ಯಾಕೆ ಸಾಬ್ರೆ? ನೂರು ವರ್ಷದ್ದು ಅದು” ಎಂದ ಲಕ್ಷ್ಮೀಕಾಂತ್.

“ನೂರು ದಿನದ್ದು. ಹುಣಿಸೆ ವಾಸ್ನೆ ಇನ್ನೂ ಹೋಗಿಲ್ಲ. ಅದಿರ್ಲಿ, ಈ ದಬರಿ ಎಲ್ಲಿಂದ ಬಂತು?”

ಲಕ್ಷ್ಮೀಕಾಂತನ ಕಿವಿ ನೆಟ್ಟಗಾಯಿತು. ಇವರು ಇಷ್ಟು ವರ್ಷದಲ್ಲಿ ಯಾವ ಪಾತ್ರೆ ಎಲ್ಲಿಂದ ಬಂತೆಂದು ಕೇಳಿದವರಲ್ಲ. “ಹೊಸದುರ್ಗದ ಕಡೆ ಒಂದು ಹಳೇ ಮನೆ ಕೆಡವ್ತಿದ್ರು. ಅಟ್ಟದ ಮೇಲಿತ್ತು. ಆ ಮನೆ ಮಗಳನ್ನ ಐಮಂಗಲಕ್ಕೆ ಕೊಟ್ಟಿದ್ರಂತೆ, ಆಯಮ್ಮ ಯಾವಾಗ್ಲೋ ತಂದಿಟ್ಟಿದ್ದಂತೆ. ಈಗ ಆಯಮ್ಮನೂ ಇಲ್ಲ, ಗಂಡನೂ ಇಲ್ಲ. ಯಾಕೆ?”

“ಸುಮ್ನೆ ಕೇಳ್ದೆ. ಕೊಡು, ತಗಂತೀನಿ.”

“ಒಂದ್ನಿಮಿಷ ಕುಂತ್ಕಳ್ರಿ.” ಲಕ್ಷ್ಮೀಕಾಂತ್ ಎದ್ದು ಬಂದು ದಬರಿಗೂ ಇವರಿಗೂ ನಡುವೆ ನಿಂತ. “ಹನ್ನೊಂದು ವರ್ಷದಿಂದ ನನ್ನಂಗಡಿ ಪಾತ್ರೆ ಎಲ್ಲಾ ಬೋರಲು ಹಾಕಿ ಹಾಕಿ ನೋಡೀರಿ, ಒಂದೂ ತಗಳ್ಳಿಲ್ಲ. ಇವತ್ತು ಮುಟ್ಟಿ ಸೈತ ನೋಡ್ದೆ ತಗಂತೀನಿ ಅಂತೀರಲ್ಲ. ಇದರಾಗೆ ಏನೋ ಐತೆ.”

ಅವನು ಹೇಳಿದ್ದು ಸರಿ. ಕರೀಂ ಸಾಬರಿಗೆ ಅದನ್ನು ತಿರುವಿ ನೋಡಲು ಧೈರ್ಯ ಬಂದಿರಲಿಲ್ಲ. ಐಮಂಗಲದ ಹೆಂಗಸು, ಹೊಸದುರ್ಗದ ತೌರು ಎಂದು ಕೇಳಿದ ಕ್ಷಣವೇ ಅದು ನಿಂಗಕ್ಕನೇ ಇರಬೇಕು ಎಂದು ಅವರಿಗೆ ಹೊಳೆದಿತ್ತು.

ಲಕ್ಷ್ಮೀಕಾಂತ್ ತಾನೇ ದಬರಿಯನ್ನು ಬೋರಲು ಹಾಕಿದ. ಬಟ್ಟೆಯಿಂದ ಮಸಿ ಒರೆಸಿದ. ಇವರು ಮಾಡುವ ಹಾಗೆಯೇ ಹೆಬ್ಬೆರಳು ಆಡಿಸಿದ. “ಎಂಥವೋ ಚುಕ್ಕೆ ಅವೆ. ಒಂದು... ಎರಡು... ಮೂರು... ನಾಲ್ಕು.”

ಕರೀಂ ಸಾಬರು ಕಾದರು. ಅವನು ಮುಂದೆ ಎಣಿಸಲಿಲ್ಲ.

“ಮುಂದೆ?”

“ಮುಂದೆ ಏನು? ನಾಲ್ಕೇ. ಇದೇನು ಸಾಬ್ರೆ, ನಿಧಿ ಗುರುತಾ?”

ಅವನಿಗೆ ಎಣಿಸಲು ಬರುವುದಿಲ್ಲ ಎಂದುಕೊಂಡರು ಕರೀಂ ಸಾಬರು. ಒಂದು ಚುಕ್ಕೆಯ ಮೇಲೆ ಬೆರಳಿಟ್ಟುಕೊಂಡು ಎಣಿಸಿದ್ದಾನೆ ಎಂದುಕೊಂಡರು. ಬೆಲೆ ಏರಿಸಲು ಆಟ ಕಟ್ಟುತ್ತಿದ್ದಾನೆ ಎಂದುಕೊಂಡರು. ಕೇಳಿದಷ್ಟು ಕೊಟ್ಟು, ಚೌಕಾಸಿಯನ್ನೂ ಮಾಡದೆ ದಬರಿ ಎತ್ತಿಕೊಂಡು ಹೊರಟಾಗ ಲಕ್ಷ್ಮೀಕಾಂತ್ ತಾನು ಮೋಸ ಹೋದೆನೆಂದು ಖಾತ್ರಿಯಾಗಿ ಓಣಿಯ ತಿರುವಿನವರೆಗೂ ಅವರನ್ನೇ ನೋಡುತ್ತ ನಿಂತಿದ್ದ.

ಮನೆಯಲ್ಲಿ ಸಾಜಿದಾ ಇರಲಿಲ್ಲ, ಸಂತೆಗೆ ಹೋಗಿದ್ದರು. ಕರೀಂ ಸಾಬರು ಹಿತ್ತಿಲ ಬಿಸಿಲಿನಲ್ಲಿ ದಬರಿಯನ್ನು ಬೋರಲು ಹಾಕಿಕೊಂಡು ಕೂತರು. ತಳವನ್ನು ತೊಳೆದರು. ಕನ್ನಡಕ ಒರೆಸಿಕೊಂಡು ನೋಡಿದರು, ಕನ್ನಡಕ ತೆಗೆದು ಬೆರಳಲ್ಲಿ ನೋಡಿದರು. ನಾಲ್ಕು ಚುಕ್ಕೆ ಸಾಲಾಗಿದ್ದವು, ಐದನೆಯದು ಇರಬೇಕಾದ ಜಾಗ ನುಣ್ಣಗಿತ್ತು.

ಹಾಗಾದರೆ ಆ ವರ್ಷ ನಿಂಗಕ್ಕ ದಬರಿ ಕೊಟ್ಟೇ ಇರಲಿಲ್ಲ. ಅದನ್ನು ಮೊದಲೇ ತೌರಿಗೆ ಸಾಗಿಸಿದ್ದಳು. ಗಂಡ ಕೇಳಿಯಾನೆಂದು ಇಸ್ರಾರ ಆಚೆ ಹೋದ ಮೇಲೆ ಗೋಡೆಗೆ ಒಂದು ಗೀಟು ಹೆಚ್ಚಿಗೆ ಎಳೆದಿದ್ದಳು, ಅಷ್ಟೆ. ಊರೂರು ತಿರುಗುವ ಕಲಾಯಿಯವನ ಮೇಲೆ ಹಾಕುವುದು ಸುಲಭ. ಇಡೀ ಜಗತ್ತಿನಲ್ಲಿ ಕರೀಂ ಸಾಬರು ಅನುಮಾನಿಸದೆ ಬಿಟ್ಟದ್ದು ಅದೊಂದು ಇದ್ದಿಲ ಗೀಟನ್ನು.

ಅವರಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಮೂವತ್ತಾರು ವರ್ಷ! ಮಗಳ ಮದುವೆಗೆ ಅವಳ ಚಿಕ್ಕಪ್ಪನನ್ನು ಕರೆಯಲಿಲ್ಲ. ತಾಯಿ ಸಾಯುವ ಮುಂಚೆ ಇಬ್ಬರನ್ನೂ ಒಟ್ಟಿಗೆ ನೋಡಬೇಕೆಂದು ಕೇಳಿದಾಗ ಆಗುವುದಿಲ್ಲ ಎಂದರು. ಗೋರಿಯ ಪಕ್ಕ ನಿಂತು ಆ ಮಾತು ಆಡಿದರು. ಇದೆಲ್ಲ ನಾಲ್ಕು ಚುಕ್ಕೆಗೆ ಆಗಿಹೋಯಿತು ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಸಾಜಿದಾಳ ಮುಖ ನೋಡುವುದು ಹೇಗೆ? ಇನ್ನೊಂದೇ ಒಂದು ಚುಕ್ಕೆ ಇದ್ದಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತು.

ಅಪ್ಪನ ಉಳಿ ಟ್ರಂಕಿನ ತಳದಲ್ಲೇ ಇತ್ತು.

ಅವರು ಬಹಳ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಮಾಡುತ್ತಿರಲಿಲ್ಲವೇನೋ. ಒಂದೇ ಪೆಟ್ಟು. ಚುಕ್ಕೆ ಸಾಲು ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಆದರೆ ಹೊಸ ಚುಕ್ಕೆ ಪಳಪಳ ಎನ್ನುತ್ತಿತ್ತು. ಯಾರು ನೋಡಿದರೂ ಇವತ್ತಿನದು ಎನ್ನುತ್ತಿದ್ದರು. ಅಡುಗೆಮನೆಯಿಂದ ಹುಣಿಸೆಹಣ್ಣು, ಉಪ್ಪು ತಂದು ಮೆತ್ತಿದರು. ಎರಡು ತಾಸು ಬಿಟ್ಟು ಒರೆಸಿ, ಎಣ್ಣೆಯಲ್ಲಿ ಮಸಿ ಕಲಸಿ ತಿಕ್ಕಿದರು, ದೀಪದ ಹೊಗೆ ಹಿಡಿದರು. ಓಣಿಯಲ್ಲಿ ಗಿರಾಕಿಗಳ ಮುಂದೆ ಅವರು ಬಯಲು ಮಾಡುತ್ತಿದ್ದ ವಿದ್ಯೆ ಅವರಷ್ಟು ಚೆನ್ನಾಗಿ ಆ ಓಣಿಯವರಿಗೇ ಬರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಐದೂ ಚುಕ್ಕೆಗಳು ಒಂದೇ ಬಣ್ಣಕ್ಕೆ ಬಂದಿದ್ದವು.

ಸಾಜಿದಾ ಸಂತೆಯಿಂದ ಬಂದು, ದಬರಿಯನ್ನು ಕಂಡು, ಚೀಲ ಅಲ್ಲೇ ಬಿಟ್ಟು ಕೂತರು. ತಾಮ್ರದ ಬಳೆ ಮುಟ್ಟಿ ನೋಡಿದರು. ತಳವನ್ನು ತಿರುವಿ ಹೆಬ್ಬೆರಳಲ್ಲಿ ಎಣಿಸಿದರು.

“ಐದು” ಎಂದರು. ದಬರಿಯನ್ನು ಮೆಲ್ಲಗೆ ಕೆಳಗಿಟ್ಟರು. “ನಾನು ಇಷ್ಟು ವರ್ಷ ನಿಮ್ಮ ಮೇಲೆ ಒಳಗೊಳಗೇ ಸಿಟ್ಟು ಮಾಡ್ಕಂಡಿದ್ದೆ. ಆ ಹುಡುಗ ಅಂಥೋನಲ್ಲ ಅಂತ. ನೀವು ಹೇಳಿದ್ದೇ ನಿಜ ಆತು.”

ಈ ಮಾತಿಗಾಗಿ ಕರೀಂ ಸಾಬರು ಮೂವತ್ತಾರು ವರ್ಷ ಕಾದಿದ್ದರು. ಕೇಳಿದಾಗ ಸಂತೋಷವಾಗಲಿಲ್ಲ.

“ಆದ್ರೆ ಇನ್ನು ಸಾಕು” ಎಂದರು ಸಾಜಿದಾ. “ನಿಜ ಏನು ಅಂತ ಗೊತ್ತಾಯ್ತಲ್ಲ, ಇನ್ನು ಮಾಫ್ ಮಾಡಿಬಿಡ್ರಿ. ನೀವು ದೊಡ್ಡೋರು. ಭಾನುವಾರ ಹೋಗಾಣ. ಈ ದಬರಿಯಿಂದಲೇ ಜಗಳ ಹತ್ತಿದ್ದು, ಇದನ್ನೇ ಹುಡುಗಿಗೆ ಕೊಟ್ಟು ಮುಗಿಸಾಣ.”

“ದಬರಿ ಯಾಕೆ? ಸೀರೆ ಕೊಡು.”

“ಊಹೂಂ, ಇದೇ.”

ಕರೀಂ ಸಾಬರು ಎರಡು ದಿನ ಮನಸ್ಸಿನಲ್ಲೇ ವಾದ ಮಾಡಿಕೊಂಡರು. ಹೇಗಿದ್ದರೂ ಅಣ್ಣತಮ್ಮ ಒಂದಾಗುತ್ತೇವಲ್ಲ. ನಾಲ್ಕು ಎಂದು ಹೇಳಿದರೂ ಒಂದಾಗಬೇಕು, ಐದು ಎಂದರೂ ಒಂದಾಗಬೇಕು. ಮಾಫಿ ಕೇಳಲು ಹೋಗುವುದಕ್ಕಿಂತ ಕೊಡಲು ಹೋಗುವುದು ಸುಲಭ, ಇಷ್ಟೇ ವ್ಯತ್ಯಾಸ. ಇಸ್ರಾರ ಹೇಗೂ ಒಪ್ಪುವುದಿಲ್ಲ, ಹಿಂದಿನಂತೆ ಹತ್ತೇ ಕೊಟ್ಟಿದ್ದು ಎನ್ನುತ್ತಾನೆ. ಅನ್ನಲಿ, ಅಂದರೆ ತಾನು ಹೋಗಲಿ ಬಿಡು ಎನ್ನುವುದು. ಅಷ್ಟಕ್ಕೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಹೊಳಲ್ಕೆರೆಯ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತರು. ಸಾಜಿದಾ ಕೆಂಪು ಬಟ್ಟೆ ಕಟ್ಟಿದ ದಬರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಹಳೆಯದೆಲ್ಲ ಮಾತಾಡಿದರು. ಅಷ್ಟು ಮಾತಾಡಿದ್ದನ್ನು ಕರೀಂ ಸಾಬರು ಈಚೆಗೆ ಕೇಳಿರಲಿಲ್ಲ.

ಇಸ್ರಾರನ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಅಂಗಳದಲ್ಲಿ ಹೆಂಗಸರು ಈರುಳ್ಳಿ, ನಿಂಬೆಹಣ್ಣು ಹೆಚ್ಚುತ್ತ ಕೂತಿದ್ದರು. ಅಣ್ಣ ಒಳಗೆ ಕಾಲಿಟ್ಟದ್ದನ್ನು ಕಂಡ ಇಸ್ರಾರ ಕೈಯಲ್ಲಿದ್ದ ನೀರಿನ ಜಗ್ಗನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅದರ ಸಮೇತ ಓಡಿ ಬಂದ. ಅವನಿಗೂ ಗಡ್ಡ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ.

“ಭಾಯ್” ಎಂದ.

ಸಾಜಿದಾ ಬಟ್ಟೆ ಬಿಚ್ಚಿ ದಬರಿಯನ್ನು ಅವನ ಮುಂದೆ ಇಟ್ಟರು. “ಸಿಕ್ತಪ್ಪ ಇದು. ಆಗಿದ್ದೆಲ್ಲ ಆಗಿಹೋತು. ನಿನ್ನ ಅಣ್ಣ ಏನೂ ಮನಸ್ಸಿನಾಗೆ ಇಟ್ಕಂಡಿಲ್ಲ.”

ಇಸ್ರಾರ ತಾಮ್ರದ ಬಳೆ ನೋಡಿದ. ಅವನ ಮುಖ ಅರಳಿತು. ಅಷ್ಟು ವರ್ಷ ಕಾದದ್ದು ಕೊನೆಗೂ ಬಂತು ಎನ್ನುವ ಹಾಗೆ ಗಬಕ್ಕನೆ ದಬರಿಯನ್ನು ಎತ್ತಿ ಬೋರಲು ಹಾಕಿ ಹೆಬ್ಬೆರಳು ಆಡಿಸಿದ. ಒಂದು ಸಲ ಎಣಿಸಿದ. ಮತ್ತೊಂದು ಸಲ ಎಣಿಸಿದ. ಹಾಗೇ ನೆಲದ ಮೇಲೆ ಕುಸಿದು ಕೂತ.

ಕರೀಂ ಸಾಬರು ಅವನು ಈಗ ವಾದ ಮಾಡುತ್ತಾನೆ ಎಂದು ಕಾದರು. ಯಾರೋ ಆಮೇಲೆ ಹೊಡೆದಿದ್ದಾರೆ ಎನ್ನುತ್ತಾನೆ, ಉಜ್ಜಿ ನೋಡಾಣ ಎನ್ನುತ್ತಾನೆ. ತಾವಾಗಿದ್ದರೆ ಹಾಗೇ ಎನ್ನುತ್ತಿದ್ದರು.

“ಐದು ಐತೆ ಭಾಯ್” ಎಂದ ಇಸ್ರಾರ. “ಹಂಗಾದ್ರೆ ನನ್ನ ಕೈಗೆ ಬಂದಿತ್ತು. ನಾನೇ ಕಳ್ದಿದೀನಿ. ಸೈಕಲ್ ಮೇಲಿಂದ ಎಲ್ಲೋ ಬಿದ್ದಿರಬೇಕು, ಹಿಂದೆ ತಿರುಗಿ ನೋಡ್ಲಿಲ್ಲ ನಾನು. ಹತ್ತೇ ಅಂತ ಅಮ್ಮನ ತಲೆ ಮುಟ್ಟಿದ್ನಲ್ಲ! ಸುಳ್ಳು ಆಣೆ ಇಟ್ಟೆ. ಅಮ್ಮನ್ನ ನಾನೇ...” ಎಪ್ಪತ್ತರ ಹತ್ತಿರದ ಮನುಷ್ಯ ಅಂಗಳದ ಹೆಂಗಸರೆಲ್ಲರ ಎದುರಿಗೆ ಚಿಕ್ಕ ಮಗುವಿನ ಹಾಗೆ ಅತ್ತ. “ನೀನು ಗೋರಿ ಹತ್ರ ಅಂದ ಮಾತು ಇಷ್ಟು ದಿನ ನಂಗೆ ನೋವಾಗಿತ್ತು. ನೀನು ಅಂದಿದ್ದೇ ಸರಿ. ಮಾಫ್ ಮಾಡು.”

ಕರೀಂ ಸಾಬರಿಗೆ ಆಗ ತಾವು ಏನು ಮಾಡಿದ್ದೇವೆಂದು ಪೂರ್ತಿ ತಿಳಿಯಿತು. ಕಳ್ಳ ಎಂದು ಮೂವತ್ತಾರು ವರ್ಷ ಕರೆದರೂ ಇಸ್ರಾರ ಒಳಗೆ ಗಟ್ಟಿಯಾಗಿದ್ದ, ತಾನು ತಪ್ಪು ಮಾಡಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನ ಹತ್ತಿರ ಇದ್ದದ್ದು ಅದೊಂದೇ. ಅದನ್ನೂ ಇವರು ಒಂದು ಪೆಟ್ಟಿಗೆ ಕಿತ್ತುಕೊಂಡಿದ್ದರು.

“ಏಳೋ” ಎಂದರು. “ಅದು ಹಳೇ ಚುಕ್ಕೆ ಅಲ್ಲ. ಗುರುವಾರ ನಾನೇ ಹೊಡ್ದಿದ್ದು. ನಾಲ್ಕೇ ಇತ್ತು ಕಣೋ. ನಿನ್ನ ಕೈಗೆ ಬಂದೇ ಇರಲಿಲ್ಲ.”

ಇಸ್ರಾರ ಕಣ್ಣೊರೆಸಿಕೊಂಡು ಅಣ್ಣನನ್ನು ನೋಡಿದ.

“ನಿಂಗಕ್ಕ ಅದನ್ನ ತೌರಿಗೆ ಸಾಗಿಸಿದ್ಲು. ಅವಳೇ ಗೀಟು ಹೆಚ್ಗೆ ಎಳ್ದಿದ್ದು.”

“ಸತ್ತೋರ ಮೇಲೆ ಯಾಕೆ ಹಾಕ್ತೀಯ ಭಾಯ್?”

“ಅಂಗಡಿ ಲಕ್ಷ್ಮೀಕಾಂತನೇ ಎಣಿಸಿದ, ನಾಲ್ಕು ಅಂತ. ಬೇಕಾದ್ರೆ ಕೇಳು.”

ಇಸ್ರಾರ ಅಳುವಿನ ನಡುವೆಯೂ ನಕ್ಕುಬಿಟ್ಟ. “ಅಂಗಡಿಯೋನ ಮಾತು ನೀನು ಯಾವತ್ತು ನಂಬಿದ್ದೆ?” ಸುತ್ತಲಿನವರೂ ನಕ್ಕರು. ಕರೀಂ ಸಾಬರ ಸ್ವಭಾವ ಹೊಳಲ್ಕೆರೆಯವರಿಗೂ ಗೊತ್ತಿತ್ತು.

ಕರೀಂ ಸಾಬರು ಹೆಂಗಸರ ಬುಟ್ಟಿಯಿಂದ ನಿಂಬೆಯ ಹೋಳೊಂದನ್ನು ಎತ್ತಿಕೊಂಡು ದಬರಿಯ ತಳವನ್ನು ಗಸಗಸ ಉಜ್ಜಿದರು. ಮಸಿ ಬಿಟ್ಟರೆ ಹೊಸದು ಯಾವುದು ಹಳೇದು ಯಾವುದು ತಾನಾಗಿ ಗೊತ್ತಾಗುತ್ತದೆ ಎಂದು ಅವರ ಲೆಕ್ಕ. ಮಸಿ ಬಿಟ್ಟಿತು, ಹಿತ್ತಾಳೆ ಹಳದಿಗೆ ತಿರುಗಿತು. ಐದು ಚುಕ್ಕೆಗಳೂ ಒಂದೇ ಸಮನಾಗಿ ಹೊಳೆದವು.

“ನೋಡು, ಇದು, ಈ ಕೊನೇದು!” ಎಂದರು.

“ಎಲ್ಲಾ ಒಂದೇ ಥರ ಅವೆ ಭಾಯ್.” ಇಸ್ರಾರ ಅವರ ಕೈಯಿಂದ ನಿಂಬೆಹೋಳನ್ನು ಮೆಲ್ಲಗೆ ತೆಗೆದುಕೊಂಡ. “ನನ್ನ ಮೊಮ್ಮಗಳ ಮದುವೇಲಿ ನಾನು ಅಳಬಾರ್ದು ಅಂತ ನಿನ್ನ ಮೇಲೇ ಹಾಕ್ಕಂತೀಯ. ನಂಗೆ ಗೊತ್ತಾಗಲ್ವಾ? ನೀನು ಸಾವಿರ ಅನ್ನು, ಖೋಟಾ ಮಾಡೋ ಕೈ ಅಲ್ಲ ಅದು.” ಎದ್ದು ನಿಂತು ಶಾಮಿಯಾನದ ಕಡೆಗೆ ತಿರುಗಿ, ಬಂದ ನೆಂಟರಿಗೆಲ್ಲ ಕೂಗಿ ಹೇಳಿದ: “ನೋಡ್ರಿ, ನನ್ನ ತಪ್ಪನ್ನ ತನ್ನ ಮೇಲೆ ಹಾಕ್ಕಳೋಕೆ ಬಂದಾರೆ ನಮ್ಮಣ್ಣ!”

ಕರೀಂ ಸಾಬರು ನಿಜವನ್ನು ಮತ್ತೆ ಎರಡು ಸಲ ಹೇಳಿದರು. ಒಂದು ಸಲ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಬೀಗರಿಗೆ, ಇನ್ನೊಂದು ಸಲ ಹೊರಡುವಾಗ ಇಸ್ರಾರನಿಗೆ. ಹೇಳಿದಷ್ಟೂ ಜನ ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಹುಡುಗನ ಕಡೆಯ ಮುದುಕರೊಬ್ಬರು ಇಂಥ ಅಣ್ಣ ಎಲ್ಲರಿಗೂ ಸಿಗಲಿ ಎಂದು ದುವಾ ಮಾಡಿದರು. ಬದುಕಿನಲ್ಲಿ ಯಾರಾದರೂ ತಮ್ಮನ್ನು ಅನುಮಾನಿಸಲಿ ಎಂದು ಅವರು ಬೇಡಿಕೊಂಡದ್ದು ಅದೊಂದೇ ದಿನ.

ನಂಬಿದವರು ಒಬ್ಬರೇ. ನಿಂಬೆಹೋಳು ಎತ್ತಿಕೊಂಡಾಗಲೇ ಸಾಜಿದಾ ಗಂಡನ ಮುಖ ನೋಡಿದ್ದರು. ಗುರುವಾರ ಸಂಜೆ ಅಡುಗೆಮನೆಯಲ್ಲಿ ಹುಣಿಸೆಹಣ್ಣಿನ ಡಬ್ಬಿಯ ಮುಚ್ಚಳ ತೆರೆದೇ ಇದ್ದದ್ದು ಅವರಿಗೆ ಗೊತ್ತಿತ್ತು.

ಸಂಜೆಯ ಬಸ್ಸಿನಲ್ಲಿ ಕರೀಂ ಸಾಬರು ಕಿಟಕಿಯ ಹತ್ತಿರ ಕೂತು ಪಕ್ಕದಲ್ಲಿ ಟವೆಲು ಹಾಕಿ ಜಾಗ ಹಿಡಿದರು. ಮುಂದೆ ಹೆಂಗಸರ ಸೀಟುಗಳೆಲ್ಲ ತುಂಬಿದ್ದವು. ಸಾಜಿದಾ ಟವೆಲಿನ ಕಡೆ ಒಮ್ಮೆ ನೋಡಿ, ಮುಂದಕ್ಕೆ ಹೋಗಿ, ಕಂಬಿ ಹಿಡಿದು ನಿಂತುಕೊಂಡರು. ಚಿತ್ರದುರ್ಗ ಬರುವವರೆಗೂ ನಿಂತೇ ಇದ್ದರು.